ಸ್ಟೀರಾಯ್ಡ್ ಮಾತ್ರೆ ಇಳಿಸುವಾಗ: ಕೊನೆಯ 5 ಮಿ.ಗ್ರಾಂ ಯಾಕೆ ಕಷ್ಟ, ಏನು ಮಾಡಬೇಕು

ಆಸ್ತಮಾ, ಲೂಪಸ್, ಸಂಧಿವಾತ, ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ), ಯಾವುದಕ್ಕೇ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾಗಿರಲಿ, ಮೂರ್ನಾಲ್ಕು ವಾರ ದಾಟಿದ ಮೇಲೆ ಅದನ್ನು ತಟ್ಟನೆ ನಿಲ್ಲಿಸುವಂತಿಲ್ಲ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ಸುಮಾರು 5 ಮಿ.ಗ್ರಾಂ ಪ್ರೆಡ್ನಿಸೊಲೋನಿಗೆ ಸಮನಾದಷ್ಟು ಕಾರ್ಟಿಸಾಲನ್ನು, ಅಂದರೆ ದೇಹದ ಸ್ವಂತ ಸ್ಟೀರಾಯ್ಡ್ ಹಾರ್ಮೋನನ್ನು, ತಾವೇ ತಯಾರಿಸುತ್ತವೆ. ಹೊರಗಿನಿಂದ ಮಾತ್ರೆ ಬರತೊಡಗಿದರೆ ಮಿದುಳು ಅವಕ್ಕೆ ಕೆಲಸ ಹೇಳುವುದನ್ನೇ ಬಿಡುತ್ತದೆ, ಗ್ರಂಥಿಗಳು ಸೊರಗುತ್ತವೆ. ಮತ್ತೆ ಚೇತರಿಸಿಕೊಳ್ಳಲು ಎಷ್ಟೋ ಸಲ ತಿಂಗಳುಗಳೇ ಬೇಕು.

ಅದಕ್ಕೇ 40ರಿಂದ 20ಕ್ಕೆ ಬೇಗ ಇಳಿಸಿದ ವೈದ್ಯರು 10ರ ಕೆಳಗೆ ಬಂದಾಗ ಆಮೆಯ ನಡಿಗೆ ಹಿಡಿಯುತ್ತಾರೆ. 40ರಲ್ಲಿ 5 ಕಳೆದರೆ ಎಂಟನೇ ಒಂದು ಭಾಗ ಹೋಯಿತು, 5ರಲ್ಲಿ 2.5 ಕಳೆದರೆ ಅರ್ಧಕ್ಕರ್ಧ. ದೊಡ್ಡ ಡೋಸಿನಲ್ಲಿ ಇರುವ ಭಯ ಕಾಯಿಲೆ ಮರುಕಳಿಸುವುದರದು. 5ರ ಕೆಳಗೆ ಅದರ ಜೊತೆಗೆ ಗ್ರಂಥಿ ಮತ್ತೆ ಕೆಲಸಕ್ಕೆ ಎದ್ದಿದೆಯೋ ಇಲ್ಲವೋ ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಇಳಿಸುವ ಪಟ್ಟಿಯನ್ನು ವೈದ್ಯರೇ ಬರೆದುಕೊಡಬೇಕು. ಅದನ್ನು ಕ್ಯಾಲೆಂಡರಿನ ಚೌಕಗಳಲ್ಲಿ ದಿನವಾರು ಬರೆದಿಡಿ, ನುಂಗಿದ ಮೇಲೆ ಗುರುತು ಹಾಕಿ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ 5, 10, 20 ಮಿ.ಗ್ರಾಂ ಮಾತ್ರೆಗಳು ಸಲೀಸಾಗಿ ಸಿಗುತ್ತವೆ, 1 ಮಿ.ಗ್ರಾಂ ಸಿಗುವುದು ಕಷ್ಟ. ಹಾಗಾಗಿ ಅರ್ಧ ಮಾತ್ರೆ ಅಥವಾ ದಿನ ಬಿಟ್ಟು ದಿನ ಬೇರೆ ಡೋಸ್ ಎಂಬ ಲೆಕ್ಕ ಬರುತ್ತದೆ, ಗೊಂದಲವೂ ಅಲ್ಲೇ ಹುಟ್ಟುತ್ತದೆ. ಅರ್ಧ ಮಾಡಲು ನಡುವೆ ಗೆರೆಯಿರುವ ಮಾತ್ರೆಯನ್ನೇ ಕೇಳಿ. ಹೊಟ್ಟೆಯಲ್ಲಿ ಕರಗದಂತೆ ಲೇಪ ಹಾಕಿದ್ದನ್ನು ಮುರಿಯಬಾರದು. ಅಂಗಡಿಯವರು 'ಇದೂ ಅದೇ ಸ್ಟೀರಾಯ್ಡ್' ಎಂದು ಬೇರೆ ಹೆಸರಿನ ಮಾತ್ರೆ ಕೊಟ್ಟರೆ ಅಲ್ಲೇ ನಿಲ್ಲಿ. 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಅಂದರೆ 4 ಮಿ.ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, 6 ಮಿ.ಗ್ರಾಂ ಡೆಫ್ಲಜಾಕಾರ್ಟ್, 20 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್. ಹೆಸರು ಬದಲಾದರೆ ಅಂಕಿಯೂ ಬದಲಾಗಬೇಕು.

ದಿನಕ್ಕೊಂದೇ ಡೋಸ್ ಇದ್ದರೆ ಬೆಳಿಗ್ಗೆ ಎಂಟರ ಸುಮಾರಿಗೆ, ತಿಂಡಿಯ ಜೊತೆ ತೆಗೆದುಕೊಳ್ಳಿ. ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ. ಜೊತೆಗೆ ನಸುಕಿನಲ್ಲಿ ಮಿದುಳು ಗ್ರಂಥಿಗೆ ಕಳಿಸುವ ಸಂದೇಶವೂ ಅಡಗುತ್ತದೆ.

ಡೋಸ್ ಇಳಿಸಿದ ಕೆಲವು ದಿನಗಳಲ್ಲಿ ಮೈಕೈ ನೋವು, ಸುಸ್ತು, ಹಸಿವಾಗದಿರುವುದು, ಮಂಕು, ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇದು ತಗ್ಗುತ್ತದೆ. ತಗ್ಗುವ ತನಕ ಮುಂದಿನ ಮೆಟ್ಟಿಲು ಇಳಿಯಬೇಡಿ. ತಡೆಯಲಾಗದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಹಿಂದಿನ ಡೋಸಿಗೆ ಮರಳಿ, ಆಮೇಲೆ ಸಣ್ಣ ಹೆಜ್ಜೆಯಲ್ಲಿ ಇಳಿಸುವುದು ಸೋಲೇನಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಹೆಚ್ಚು.

ಆದರೆ ಎಲ್ಲ ನೋವನ್ನೂ 'ಮಾತ್ರೆ ಇಳಿಸಿದ್ದಕ್ಕೆ' ಎಂದು ತಳ್ಳಿಹಾಕಿದರೆ ಮೋಸ ಹೋಗುತ್ತೀರಿ. ಇಳಿಕೆಯ ನೋವು ಮೈಯೆಲ್ಲ ಹರಡಿರುತ್ತದೆ, ಕೀಲು ಊದಿರುವುದಿಲ್ಲ. ಬೆರಳ ಗೆಣ್ಣು ಊದಿ ಬೆಳಿಗ್ಗೆ ಒಂದು ಗಂಟೆಯಾದರೂ ಬಿಗಿ ಬಿಡದಿದ್ದರೆ ಸಂಧಿವಾತ ಮರಳಿದೆಯೇ ನೋಡಬೇಕು. ನೆಫ್ರೋಟಿಕ್ ಇದ್ದವರಿಗೆ ಮೂತ್ರದಲ್ಲಿ ನೊರೆ, ಕಣ್ಣಿನ ಸುತ್ತ ಬಾವು. ಆಸ್ತಮಾ ಇದ್ದವರಿಗೆ ರಾತ್ರಿ ಉಬ್ಬಸ. ಇವೂ ಕಾಯಿಲೆ ಮರಳುತ್ತಿರುವುದರ ಗುರುತು.

ಇಳಿಕೆಯ ನೋವು, ಕಾಯಿಲೆ ಮರಳುವುದು, ಇವೆರಡರ ಜೊತೆ ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಕಾರ್ಟಿಸಾಲ್ ಸಾಲದೇ ಹೋಗುವುದು. ಎದ್ದು ನಿಂತರೆ ಕಣ್ಣು ಕತ್ತಲೆ, ಬಿಪಿ ಕುಸಿತ, ಬಿಡದ ವಾಂತಿ, ಹೊಟ್ಟೆನೋವು, ಸಕ್ಕರೆ ಇಳಿಯುವುದು, ಮಂಪರು. ಇಂಥ ಹೊತ್ತಿನಲ್ಲಿ ನಾಳೆ ನೋಡೋಣ ಎನ್ನಬಾರದು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಮೊದಲ ಮಾತಾಗಿ 'ಸ್ಟೀರಾಯ್ಡ್ ಇಳಿಸುತ್ತಿದ್ದೇನೆ' ಎನ್ನಿ. ದೊಡ್ಡವರಿಗೆ ಅಲ್ಲಿ ಕೊಡುವುದು ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಮತ್ತು ಸಲೈನ್.

ಜ್ವರ ಬಂದ ದಿನಗಳಲ್ಲಿ ದೇಹಕ್ಕೆ ಕಾರ್ಟಿಸಾಲ್ ಹೆಚ್ಚು ಬೇಕು, ಸೊರಗಿದ ಗ್ರಂಥಿ ಅದನ್ನು ಕೊಡಲಾರದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಎಷ್ಟು ಹೆಚ್ಚಿಸಬೇಕು, ಎಷ್ಟು ದಿನ, ಇವೆರಡನ್ನೂ ಮೊದಲೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಅದೇ ಡೋಸ್. ಅದೂ ನಿಲ್ಲದಿದ್ದರೆ ಆಸ್ಪತ್ರೆ.

ಸಕ್ಕರೆ ಕಾಯಿಲೆ ಇರುವವರು ಒಂದು ಸೂಕ್ಷ್ಮ ಗಮನಿಸಬೇಕು. ಬೆಳಗಿನ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುವುದು ಮುಖ್ಯವಾಗಿ ಮಧ್ಯಾಹ್ನದ ಊಟದ ನಂತರ, ಸಂಜೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಅನ್ನಿಸಬಹುದು. ಸ್ಟೀರಾಯ್ಡ್ ಇಳಿಯುತ್ತಿದ್ದಂತೆ ಇನ್ಸುಲಿನ್, ಗ್ಲಿಮಿಪಿರೈಡ್ ಇತ್ಯಾದಿಗಳನ್ನೂ ಇಳಿಸಬೇಕು, ಇಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ. ಈ ಒಂದನ್ನು ಮರೆಯುವವರೇ ಹೆಚ್ಚು.

ನೆಲದಿಂದ ಏಳಲು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲ ಸಾಲದಿದ್ದರೆ ಅದು ಸ್ಟೀರಾಯ್ಡ್ ಮಾಂಸಖಂಡವನ್ನು ಕರಗಿಸಿದ್ದರ ಗುರುತು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದನ್ನು ದಿನಕ್ಕೆರಡು ಹೊತ್ತು ಮಾಡಿ. ಮೂಳೆಗೆ ದಿನಕ್ಕೆ 1000ದಿಂದ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ 350ರ ಆಸುಪಾಸು ಇದೆ, ಹಾಲು ಮೊಸರು ಸೇರಿಸಿ, ಉಳಿದದ್ದಕ್ಕೆ ಮಾತ್ರೆ. ಊದಿದ ಮುಖ ಇಳಿಯಲು ತಿಂಗಳುಗಳು ಹಿಡಿಯುತ್ತವೆ.

ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಸ್ಟೀರಾಯ್ಡ್ ಬೇಗ ಕರಗಿಹೋಗುತ್ತದೆ. ಪಟ್ಟಿ ಬರೆಯುವವರಿಗೆ ಇದು ಗೊತ್ತಿರಲೇಬೇಕು. ಇನ್ನೊಂದು ಮಾತು: ಕೀಲುನೋವಿಗೆಂದು ಮಾರುವ ಹೆಸರು ಲೇಬಲ್ಲಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡೇ ದಿನಕ್ಕೆ ಪವಾಡದಂತೆ ನೋವು ಮಾಯವಾದರೆ ಅನುಮಾನಿಸಿ, ತಿಂಗಳುಗಟ್ಟಲೆ ತಿಂದಿದ್ದರೆ ವೈದ್ಯರಿಗೆ ತೋರಿಸದೆ ದಿಢೀರನೆ ಬಿಡಬೇಡಿ.

ಕೊನೆಯ ಮೆಟ್ಟಿಲಿಗೆ ಮುನ್ನ ವೈದ್ಯರು ಬೆಳಿಗ್ಗೆ 8ರಿಂದ 9ರೊಳಗೆ ಕಾರ್ಟಿಸಾಲ್ ರಕ್ತಪರೀಕ್ಷೆ ಬರೆಯಬಹುದು. ಹಿಂದಿನ ಮಾತ್ರೆ ನುಂಗಿ 24 ಗಂಟೆ ಕಳೆದಿರಬೇಕು, ಅಂದಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಗ್ರಂಥಿ ಎದ್ದಿದೆ ಎಂದರ್ಥ. 5ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಮುಂದುವರಿಸಿ ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆ.

ನಿಲ್ಲಿಸಿದ ಮೇಲೂ ಒಂದು ವರ್ಷ ಪರ್ಸಿನಲ್ಲಿ ಒಂದು ಚೀಟಿ ಇರಲಿ: ಯಾವ ಸ್ಟೀರಾಯ್ಡ್, ಗರಿಷ್ಠ ಎಷ್ಟು, ಎಷ್ಟು ತಿಂಗಳು, ಯಾವತ್ತು ನಿಲ್ಲಿಸಿದ್ದು, ವೈದ್ಯರ ಫೋನ್ ನಂಬರ್. ಆಪರೇಷನ್ನಿಗೆ ಮುನ್ನ ಅರಿವಳಿಕೆ ಕೊಡುವವರಿಗೆ ಅದನ್ನೇ ತೋರಿಸಿ, ಹಲ್ಲು ಕೀಳಿಸುವಾಗಲೂ.