ಮಂಡಿಪೇಟೆಯ ಗಾಜಿನ ಮಾಡಿಗೆ ಬೆಂಕಿ ತಡೆಯುವ ಗಾಜು ಕೂರಿಸಿದ್ದು

"ಸಾವ್ಕಾರ್ರೆ, ಈ ಗಾಜಿನ ಮಾಡು ಕಿತ್ತುಹಾಕಿ ಆರ್‌ಸಿಸಿ ಹಾಕ್ಸಿಬಿಡಿ" ಅಂತ ನನಗಿಂತ ಮೊದಲು ಮೂವರು ಹೇಳಿ ಹೋಗಿದ್ದರು. ನಾನು ಅದೇ ಮಾಡಿಗೆ ಬೆಂಕಿ ತಡೆಯುವ ಗಾಜು ಕೂರಿಸಿ ಎರಡು ಮಳೆಗಾಲ ಕಳೆದರೂ ಒಂದು ಹನಿ ಸೋರಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ದಾವಣಗೆರೆ ಮಂಡಿಪೇಟೆಯ ಹಳೆ ಹತ್ತಿ ವ್ಯಾಪಾರಿಗಳ ಮನೆ ಅದು. ನಡುಮನೆಯ ತೊಟ್ಟಿಯ ಮೇಲೆ ಎರಡು ಇಳಿಜಾರಿನ ಗಾಜಿನ ಮಾಡು. ಹದಿನಾರು ಅಡಿ ಉದ್ದ, ಟೀ (T) ಆಕಾರದ ಕಬ್ಬಿಣದ ಪಟ್ಟಿಗಳ ಮೇಲೆ 32 ತಂತಿ ಗಾಜು, ಅಂದರೆ ಒಳಗೆ ತಂತಿ ಬಲೆ ಇರುವ ಗಾಜು. ಕೆಳಗೆ ಈಗ ಬಟ್ಟೆ ಗೋದಾಮು. ಪಕ್ಕದ ಮನೆಯ ಮಹಡಿ ಕಿಟಕಿ ಮಾಡಿನಿಂದ ಮೂರೇ ಅಡಿ ದೂರ. ಗೋದಾಮಿಗೆ ಬೆಂಕಿ ಬಿದ್ದು ಗಾಜು ಒಡೆದರೆ ಉರಿ ನೇರ ಆ ಕಿಟಕಿಗೇ. ಅಲ್ಲಿ ಮಕ್ಕಳು ಮಲಗುತ್ತಾರೆ.

ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಸಾಕಲ್ವಾ ಅಂತ ಎಲ್ಲರದೂ ಒಂದೇ ಪ್ರಶ್ನೆ. ವಾದ ಮಾಡುವ ಬದಲು ಪರಿಚಯದವರ ಮಂಡಕ್ಕಿ ಭಟ್ಟಿಗೆ ಹೋದೆ. ಒಲೆ ಬಾಯಿಗೆ ಒಂದೊಂದೇ ತುಂಡು ಅಡ್ಡ ನಿಲ್ಲಿಸಿ, ಹಿಂದೆ ಒಂದು ಗೇಣು ದೂರದಲ್ಲಿ ಹತ್ತಿ ಉಂಡೆ ಕಟ್ಟಿದೆ. ಸಾದಾ ಗಾಜು ಎರಡು ನಿಮಿಷ ದಾಟಲಿಲ್ಲ. ಟಫನ್ಡ್ ಸ್ವಲ್ಪ ಹೊತ್ತು ತಡೆದು, ಒಮ್ಮೆಲೇ ಕಲ್ಲುಸಕ್ಕರೆ ಹಾಗೆ ಸುರಿಯಿತು. ತಂತಿ ಗಾಜು ಸೀಳಿದರೂ ಬೀಳಲಿಲ್ಲ, ಆದರೆ ಹಿಂದಿದ್ದ ಹತ್ತಿ ಕಂದಾಯಿತು. ಕೊನೆಗೆ ಬೆಂಕಿ ತಡೆಯುವ ಗಾಜಿನ ಕಂಪನಿಯ ಸ್ಯಾಂಪಲ್ ಇಟ್ಟೆ. ಮೊದಲ ಪದರ ಟಪ್ ಅಂತ ಸೀಳಿತು. ಪದರಗಳ ನಡುವಿನ ಲೇಪ ಹಾಲು ಉಕ್ಕಿದ ಹಾಗೆ ಉಬ್ಬಿತು, ಗಾಜು ಪೂರ್ತಿ ಬೆಳ್ಳಗಾಯಿತು. ಇಪ್ಪತ್ತು ನಿಮಿಷ ಆದರೂ ಹತ್ತಿ ಬಿಳಿಯೇ. ಸಾವ್ಕಾರ್ರು ಆ ಉಂಡೆ ಮುಟ್ಟಿ ನೋಡಿ, "ಆಯ್ತು, ಇದನ್ನೇ ಹಾಕಪ್ಪ" ಅಂದರು.

ಗಾಜೇ ಚದರಡಿಗೆ ಮೂರು ಸಾವಿರದ ಹತ್ತಿರ. ಒಟ್ಟು ಆರೂಮುಕ್ಕಾಲು ಲಕ್ಷ ಅಂತ ನೆನಪು. ಕಂಪನಿಯವರು ಜೊತೆಗೆ ಕಳಿಸಿದ ಬೆಂಕಿ ಟೆಸ್ಟ್ ರಿಪೋರ್ಟ್ ನೆಟ್ಟಗೆ ನಿಲ್ಲಿಸುವ ಪಾರ್ಟಿಶನ್‌ದು. ಮಾಡಿಗೆ ಅದು ನಡೆಯಲ್ಲ, ಅಡ್ಡ ಮಲಗಿಸಿ ಸುಟ್ಟ ರಿಪೋರ್ಟೇ ಬೇಕು. ಪಟ್ಟು ಹಿಡಿದು ಬೇರೆ ಗಾಜು ತರಿಸಿದೆ. ಒಂದೂವರೆ ತಿಂಗಳು ಹೋಯಿತು.

ಪೆಟ್ಟು ಬಿದ್ದದ್ದು ಅಳತೆಯಲ್ಲಿ. ಈ ಗಾಜನ್ನು ಸೈಟಲ್ಲಿ ಕತ್ತರಿಸುವ ಹಾಗಿಲ್ಲ. ಅಂಚಿನ ಟೇಪ್ ಬಿಚ್ಚಿದರೆ ತೇವ ಹೊಕ್ಕು ಲೇಪ ಕೆಡುತ್ತದೆ. ನಾನು ಟೀಗಳ ನಡುವಿನ ಎಂಟು ಅಂಕಣ ಅಳೆದು ಉಳಿದವೂ ಹಾಗೇ ಇರುತ್ತವೆ ಅಂದುಕೊಂಡೆ. ಹಳೆ ಟೀಗಳು ಒಂದು ಕಡೆ ಒಂಬತ್ತು ಎಂಎಂ ಒಳಗೆ ಬಾಗಿದ್ದವು. ಐದು ಗಾಜು ಕೂರಲೇ ಇಲ್ಲ. ಒಂದು ಲಕ್ಷದ ಮೇಲೆ ನನ್ನ ಕೈಯಿಂದ ಹೋಯಿತು. ಆಮೇಲೆ ಆ ಐದು ಅಂಕಣಕ್ಕೂ ಪ್ಲೈವುಡ್ ಪಡಿಯಚ್ಚು ಕತ್ತರಿಸಿದೆ, ನಂಬರ್ ಬರೆದೆ.

ತೂಕ ಇನ್ನೊಂದು ತಲೆನೋವು. ಹಳೆ ಗಾಜು ಒಂದಕ್ಕೆ ಹತ್ತು ಕೆಜಿ, ಹೊಸದು ನಲವತ್ತು. ಟೀ ಅಡಿಗೆ ಚಪ್ಪಟೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿ ಬಲ ಕೊಟ್ಟೆ, ಬಿಸಿಗೆ ಉಬ್ಬುವ ಪೇಂಟ್ ಹೊಡೆಸಿದೆ. ಗಾಜಿನ ಕೆಳಗೆ ಗಟ್ಟಿ ಮರದ ತುಂಡು, ಸುತ್ತ ಸೆರಾಮಿಕ್ ಪಟ್ಟಿ, ಮೇಲೆ ಸ್ಟೀಲ್ ಕ್ಯಾಪಿಂಗ್ (ಮುಚ್ಚುಪಟ್ಟಿ). ಅಲ್ಯುಮಿನಿಯಂ ಹಾಕಿ ಅಂದವರಿದ್ದರು. ಅದು ಸುಮಾರು 660 ಡಿಗ್ರಿಗೇ ಕರಗುತ್ತದೆ, ಬೆಂಕಿ ಅದಕ್ಕಿಂತ ಮೇಲೆ ಹೋಗುತ್ತದೆ. ನಲವತ್ತು ಕೆಜಿ ಗಾಜನ್ನು ಮೂಲೆ ಚೂರಾಗದೆ ಇಳಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಅದು ನಮ್ಮ ಹುಡುಗರ ಹೊಟ್ಟೆಪಾಡು.

ನಮ್ಮೂರ ಬಿಸಿಲನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಲೇಪ 50 ಡಿಗ್ರಿ ಮೇಲೆ ಸದಾ ಇದ್ದರೆ ಮಬ್ಬಾಗುತ್ತದೆ, ಗುಳ್ಳೆ ಏಳುತ್ತದೆ. ಏಪ್ರಿಲ್ ಮಧ್ಯಾಹ್ನ ಹಳೆ ಗಾಜಿನ ಕೆಳಗೆ ಥರ್ಮಾಮೀಟರ್ ಕಟ್ಟಿ ನೋಡಿದರೆ 54. ತಲೆ ಮೇಲೆ ಕೈ ಹೊತ್ತು ಕೂತೆ. ಆಗ ಕಂಡಿತು, ಮಾಡಿನ ನೆತ್ತಿಯ ಉದ್ದಕ್ಕೂ ಹಿಂದಿನವರು ಗಾಳಿಗೆ ಸಂದು ಬಿಟ್ಟಿದ್ದರು. ಯಾವಾಗಲೋ ಯಾರೋ ಸಿಮೆಂಟ್ ಮೆತ್ತಿದ್ದರು. ಅದನ್ನು ಕೆರೆದು ತೆಗೆದು, ಬೆಂಕಿ ಬಿಸಿಗೆ ಉಬ್ಬಿ ತಾನೇ ಮುಚ್ಚಿಕೊಳ್ಳುವ ಜಾಲರಿ ಕೂರಿಸಿದೆ. ಮೇಲ್ಪದರಕ್ಕೆ ಬಿಸಿಲು ವಾಪಸ್ ತಳ್ಳುವ, ಯುವಿ (ನೇರಳಾತೀತ) ಕಿರಣ ತಡೆಯುವ ಗಾಜು. ಮುಂದಿನ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ 45ರ ಆಸುಪಾಸು. ಇವತ್ತಿಗೂ ಒಂದು ಗುಳ್ಳೆ ಎದ್ದಿಲ್ಲ.

ಗಾಜು ಅಂಟಿಸಿದ್ದ ಹಳೆ ಪುಟ್ಟಿ ತೆಗೆಯಲು ಹೀಟ್ ಗನ್, ಸೀಮೆಎಣ್ಣೆ, ಸುಣ್ಣದ ಪೇಸ್ಟ್ ಎಲ್ಲ ಹಚ್ಚಿ ನೋಡಿದೆ. ಸುಣ್ಣ ರಾತ್ರಿಯಿಡೀ ಬಿಟ್ಟದ್ದು ಚೆನ್ನಾಗಿ ಕೆಲಸ ಮಾಡಿತು. ಕೆರೆಯುವಾಗ ಮಾಸ್ಕ್ ಹಾಕಿಸಿ, ಹಳೆ ಬಣ್ಣದಲ್ಲಿ ಸೀಸ ಇರಬಹುದು.

ಅಳತೆ ತಪ್ಪಿದ ಆ ಐದು ಗಾಜು ಇನ್ನೂ ನನ್ನ ಶೆಡ್ಡಲ್ಲಿವೆ. ಅಂಚಿನ ಟೇಪ್ ಬಿಚ್ಚಿಲ್ಲ, ನೆರಳಲ್ಲೇ ಇಟ್ಟಿದ್ದೇನೆ. ಇಪ್ಪತ್ತಮೂರುಕಾಲು ಇಂಚು ಅಗಲ, ನಲವತ್ತೆರಡು ಉದ್ದ. ಯಾರ ಕೆಲಸಕ್ಕಾದರೂ ಹೊಂದಿದರೆ ಅರ್ಧ ರೇಟಿಗೆ ಕೊಡುತ್ತೇನೆ.