ಸೀಸರ್‌ನನ್ನು ಕೊನೆಗಿಟ್ಟು ರೋಮ್ ಪಾಠ ಮಾಡಿದೆ

ಹನ್ನೊಂದು ವರ್ಷ ಪಿಯುಸಿ ಮಕ್ಕಳಿಗೆ ರೋಮ್ ಗಣರಾಜ್ಯದ ಕುಸಿತವನ್ನು ಒಂದೇ ರೀತಿ ಪಾಠ ಮಾಡಿದ್ದೆ. ದಂಡನಾಯಕ ಸೀಸರ್, ದಂಡು ಕಟ್ಟಿಕೊಂಡು ದಾಟಬಾರದ ಗಡಿಯಾದ ರುಬಿಕಾನ್ ಹೊಳೆ ದಾಟಿದ, ಸರ್ವಾಧಿಕಾರಿ ಆದ, ಕ್ರಿ.ಪೂ. 44ರ ಮಾರ್ಚ್ 15ರಂದು 23 ಇರಿತ ತಿಂದು ಸತ್ತ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಎಲ್ಲರದೂ ಒಂದೇ ಉತ್ತರ: 'ಸೀಸರನ ದುರಾಸೆಯಿಂದ ಗಣರಾಜ್ಯ ಬಿತ್ತು.' ತಪ್ಪು ಅವರದಲ್ಲ, ನಾನು ಹೇಳಿಕೊಟ್ಟಿದ್ದೇ ಹಾಗೆ.

ಹೋದ ವರ್ಷ ಉಲ್ಟಾ ಮಾಡಿದೆ. ಮೊದಲ ಮೂರು ಕ್ಲಾಸಲ್ಲಿ ಸೀಸರ್ ಹೆಸರನ್ನೇ ಎತ್ತಲಿಲ್ಲ. ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿ ಮೇಲೆ ಬರೆದೆ: 'ಇದನ್ನು ಮೊದಲ ಸಲ ಮಾಡಿದ್ದು ಯಾರು?' ಶುರು ಮಾಡಿದ್ದು ಕ್ರಿ.ಪೂ. 133ರಿಂದ.

ಆ ವರ್ಷ ಟೈಬೀರಿಯಸ್ ಗ್ರಾಕಸ್ ಟ್ರಿಬ್ಯೂನ್, ಅಂದರೆ ಜನಸಾಮಾನ್ಯರ ಪರ ನಿಲ್ಲಬೇಕಾದ ಅಧಿಕಾರಿ. ಸರ್ಕಾರಿ ಜಮೀನನ್ನು ದೊಡ್ಡವರು ಹಿಡಿದು ಕೂತಿದ್ದರು. ಒಬ್ಬನಿಗೆ 500 ಯೂಗೆರಾ, ಸುಮಾರು 310 ಎಕರೆ, ಅದಕ್ಕಿಂತ ಜಾಸ್ತಿ ಇದ್ದದ್ದನ್ನು ವಾಪಸ್ ತಗೊಂಡು ಬಡವರಿಗೆ ಹಂಚೋಣ ಅಂತ ಅವನ ಮಸೂದೆ. 'ಉಳುವವನೇ ಹೊಲದೊಡೆಯ ಅಲ್ವಾ ಮೇಡಂ?' ಅಂದ ಒಬ್ಬ ಹುಡುಗ. ಅದಕ್ಕಿಂತ ಗೋಮಾಳ ಒತ್ತುವರಿ ತೆರವಿಗೆ ಹತ್ತಿರ ಕಣಪ್ಪ ಅಂದೆ. ತಕ್ಷಣ ಇಡೀ ಕ್ಲಾಸಿಗೆ ಅರ್ಥವಾಯಿತು, ನಮ್ಮ ಕಡೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಆಟ ಆಡಿಸಿದೆ. ಹಿಂದಿನ ಬೆಂಚಿನ ಒಬ್ಬಳು ಮಾತು ಕಮ್ಮಿಯ ಹುಡುಗಿಗೆ ಕೆಂಪು ಕಾರ್ಡ್ ಕೊಟ್ಟು, 'ನೀನು ಆಕ್ಟೇವಿಯಸ್, ನೀನೂ ಟ್ರಿಬ್ಯೂನ್, ಕಾರ್ಡ್ ಎತ್ತಿದರೆ ಮತದಾನವೇ ನಿಲ್ಲುತ್ತೆ' ಅಂದೆ. ಅವಳು ಎತ್ತಿದಳು, ಮತ್ತೆ ಎತ್ತಿದಳು, ಕೊನೆಕೊನೆಗೆ ಅವಳಿಗೇ ಮಜಾ ಬಂದು ನಾನು ವಿಷಯ ಹೇಳುವ ಮುಂಚೆಯೇ ಎತ್ತತೊಡಗಿದಳು. ಹತ್ತು ನಿಮಿಷಕ್ಕೆ ಕ್ಲಾಸೇ ಕೂಗಿತು: 'ಅವಳನ್ನು ತೆಗೆದುಹಾಕಿ ಮೇಡಂ!' ಟೈಬೀರಿಯಸ್ ಮಾಡಿದ್ದೂ ಅದನ್ನೇ. 35 ಬುಡಕಟ್ಟುಗಳಲ್ಲಿ (ರೋಮಿನ ಜನ ಮತ ಹಾಕುತ್ತಿದ್ದ ಗುಂಪುಗಳು, ಗುಂಪಿಗೆ ಒಂದು ಮತ) 17 ಅವನ ಪರ ಮತ ಹಾಕಿದ ಮೇಲೆ, ಇನ್ನೊಂದು ಬಿದ್ದರೆ ಬಹುಮತ ಅನ್ನುವಾಗ ನಿಲ್ಲಿಸಿ, ಆಕ್ಟೇವಿಯಸ್‌ನನ್ನು ಅಪ್ಪಿಕೊಂಡು ಬೇಡಿಕೊಂಡನಂತೆ. ಆಕ್ಟೇವಿಯಸ್ ಬಗ್ಗಲಿಲ್ಲ. 18ನೆಯ ಮತವೂ ಬಿತ್ತು, ಅವನನ್ನು ಕೆಳಗೆ ಎಳೆದರು.

ಶೀಟಿನ ಮೊದಲ ಸಾಲಿಗೆ ಜಗಳವೇ ಆಯಿತು. ನಾನು ಅಂದುಕೊಂಡಿದ್ದು, ಸೆನೆಟರುಗಳು (ಸೆನೆಟ್ ಅಂದರೆ ದೊಡ್ಡ ಮನೆತನಗಳವರ ಸಭೆ) ಬೆಂಚುಗಳ ಕಾಲು ಮುರಿದುಕೊಂಡು ಬಂದು ಟೈಬೀರಿಯಸ್‌ನನ್ನೂ ಸುಮಾರು 300 ಜನರನ್ನೂ ಬಡಿದು ಕೊಂದು ಹೆಣಗಳನ್ನು ಟೈಬರ್ ನದಿಗೆ ಎಸೆದದ್ದೇ ಮೊದಲ ಸಾಲು ಅಂತ. ಕೆಂಪು ಕಾರ್ಡಿನ ಹುಡುಗಿ ಒಪ್ಪಲಿಲ್ಲ. 'ನನ್ನನ್ನು ತೆಗೆದದ್ದು ಮೊದಲು' ಅಂದಳು. ಅವಳ ಮಾತೇ ಸರಿ. ಅದನ್ನೇ ಮೊದಲು ಬರೆದೆವು.

ಟೈಬೀರಿಯಸ್‌ನ ತಮ್ಮ ಗಾಯಸ್‌ನ ಕಥೆಗೆ ಕಾಲು ಗಂಟೆ ಸಾಕಾಯಿತು. ಆದರೆ ಒಂದು ವಿಷಯ ಬಿಡೋಕೆ ಆಗಲಿಲ್ಲ: ಕ್ರಿ.ಪೂ. 121ರಲ್ಲಿ ಅವನ ಕಡೆಯವರನ್ನು ಸಾಯಿಸಿದ ಕಾನ್ಸಲ್ (ವರ್ಷಕ್ಕೆ ಇಬ್ಬರಂತೆ ಆರಿಸುತ್ತಿದ್ದ ಅತಿ ದೊಡ್ಡ ಅಧಿಕಾರಿ) ಒಪಿಮಿಯಸ್, ಅದಾದ ಮೇಲೆ ಒಗ್ಗಟ್ಟಿನ ದೇವತೆಗೆ ಗುಡಿ ಕಟ್ಟಿಸಿದ. ಮಕ್ಕಳು ನಕ್ಕರು. ನನಗೆ ಇವತ್ತಿಗೂ ನಗು ಬರಲ್ಲ.

ಕಷ್ಟ ಆದದ್ದು ಸುಲ್ಲಾ ಅನ್ನುವ ದಂಡನಾಯಕನ ಪಾಠ. ರೋಮಿನ ದಂಡು ರೋಮಿನ ಮೇಲೇ ಯಾಕೆ ಹೋಯಿತು? ಇದಕ್ಕೆ ಸಂಬಳ, ಜಮೀನಿನ ಲೆಕ್ಕ ಹೇಳಲೇಬೇಕು. ಇನ್ನೊಬ್ಬ ದಂಡನಾಯಕ ಮೇರಿಯಸ್ ಕ್ರಿ.ಪೂ. 107ರಲ್ಲಿ ಆಸ್ತಿಯಿಲ್ಲದವರನ್ನೂ ದಂಡಿಗೆ ಸೇರಿಸಿಕೊಂಡ. ಇಂಥವರಿಗೆ ಯುದ್ಧ ಮುಗಿದ ಮೇಲೆ ಹೊಲ ಬೇಕು. ಅದನ್ನು ಸೆನೆಟ್ ತಾನಾಗಿ ಕೊಡಲ್ಲ, ದಂಡನಾಯಕನೇ ಓಡಾಡಿ ಕೊಡಿಸಬೇಕು. ಕ್ರಿ.ಪೂ. 88ರಲ್ಲಿ ಪೂರ್ವದ ಯುದ್ಧದ ಹೊಣೆಯನ್ನು ಸುಲ್ಲಾನಿಂದ ಕಿತ್ತು ಮೇರಿಯಸ್‌ಗೆ ಕೊಟ್ಟಾಗ, ಲೂಟಿ ಬೇರೆಯವರ ಪಾಲಾಗುತ್ತೆ ಅಂತ ಸುಲ್ಲಾನ ಸೈನಿಕರಿಗೆ ಹೆದರಿಕೆ. ರೋಮಿಗೆ ನಡಿ ಅಂತ ಅವರೇ ಅಂದರು. ಅವನ ಅಧಿಕಾರಿಗಳಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಕೈಬಿಟ್ಟು ಹೋದರು, ಸೈನಿಕರು ಹೋಗಲಿಲ್ಲ. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಟ್ಟೆ, ಕೊಟ್ಟದ್ದು ಒಳ್ಳೆಯದೇ ಆಯಿತು.

ಕೊಲ್ಲಬೇಕಾದವರ ಹೆಸರಿನ ಪಟ್ಟಿಯನ್ನು ಸುಲ್ಲಾ ಊರಿನ ನಡುವೆ ತೂಗುಹಾಕಿಸಿದ್ದನ್ನು ಮಾತ್ರ ಆಟ ಆಡಿಸಲಿಲ್ಲ. ಹದಿನಾರು ವರ್ಷದ ಮಕ್ಕಳ ಕೈಗೆ ಪಟ್ಟಿ ಕೊಟ್ಟರೆ ಯಾರ ಹೆಸರು ಬರುತ್ತೋ ಅಂತ ಭಯ.

ಸೀಸರ್ ಬಂದದ್ದು ನಾಲ್ಕನೆಯ ಕ್ಲಾಸಿಗೆ. ಚೀಟಿ ಹಂಚಿ ಕೇಳಿದೆ: ಸೀಸರ್, ಅವನ ಎದುರಾಳಿ ದಂಡನಾಯಕ ಪಾಂಪೆ, ಇಬ್ಬರೂ ಒಟ್ಟಿಗೆ ತಮ್ಮ ದಂಡಿನ ಅಧಿಕಾರ ಬಿಟ್ಟುಕೊಡಬೇಕಾ? ನಮ್ಮ ಕ್ಲಾಸಲ್ಲಿ 41 ಹೌದು, 5 ಬೇಡ. ಆಮೇಲೆ ಬೋರ್ಡಿನ ಮೇಲೆ ಕ್ರಿ.ಪೂ. 50ರ ಸೆನೆಟ್ ಲೆಕ್ಕ ಬರೆದೆ: 370 ಹೌದು, 22 ಬೇಡ. 'ಹಾಗಾದ್ರೆ ಯುದ್ಧ ಆಗಲಿಲ್ಲ ಅಲ್ವಾ?' ಅಂತ ಕೇಳಿದರು. ಕಾನ್ಸಲ್ ಮಾರ್ಸೆಲಸ್ ಸಭೆ ಮುಗಿಸಿ, ನೇರ ಪಾಂಪೆಯ ಹತ್ತಿರ ಹೋಗಿ ಕೈಗೆ ಕತ್ತಿ ಕೊಟ್ಟ ಅಂದೆ. ಮುಂದಿನ ಜನವರಿಗೆ ರುಬಿಕಾನ್. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. 'ಚೀಟಿ ಯಾಕೆ ಹಂಚಿದ್ರಿ ಮತ್ತೆ?' ಅಂತ ಮುಂದಿನ ಬೆಂಚಿಂದ ಒಬ್ಬ ಸಿಟ್ಟಲ್ಲೇ ಕೇಳಿದ.

ಎಡವಟ್ಟು ಆಗಿದ್ದು ಕೊನೆಯಲ್ಲಿ. ಟೈಮ್ ಸಾಲದೆ ಕ್ರಿ.ಪೂ. 43ರಿಂದ, ಆಕ್ಟೇವಿಯನ್ 'ಆಗಸ್ಟಸ್' ಅನ್ನುವ ಬಿರುದು ಪಡೆದು ರೋಮಿನ ಮೊದಲ ಸಾಮ್ರಾಟನಾದ ಕ್ರಿ.ಪೂ. 27ರವರೆಗೆ ಇಪ್ಪತ್ತೇ ನಿಮಿಷದಲ್ಲಿ ಓಡಿಸಿದೆ. ಪರೀಕ್ಷೆಯಲ್ಲಿ ಆರು ಮಕ್ಕಳು ಕೆಂಪು ಕಾರ್ಡಿನ ಆಕ್ಟೇವಿಯಸ್‌ನನ್ನೂ ಈ ಆಕ್ಟೇವಿಯನ್‌ನನ್ನೂ ಒಬ್ಬನೇ ಮಾಡಿಬಿಟ್ಟರು. ಈ ವರ್ಷ ಒಂದು ವಾರ ಮುಂಚೆಯೇ ಶುರು ಮಾಡ್ತೀನಿ, ಕೆಂಪು ಕಾರ್ಡಿನ ಮೇಲೆ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದಿಡ್ತೀನಿ.