ಅಪ್ಪನ ಬದುಕನ್ನು ನಾನು ಬರೆದಿಟ್ಟದ್ದು ಹೀಗೆ

ಅಪ್ಪನ ವರ್ಷದ ತಿಥಿಗೆ ಅವರ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡಿ ಮನೆಯವರಿಗೆ ಹಂಚಬೇಕು ಅನ್ನಿಸಿತು. ಮಿಲಿಟ್ರಿಯಲ್ಲಿದ್ದರು, ಸಂಸಾರ ಚೆನ್ನಾಗಿ ನೋಡಿಕೊಂಡರು, ಮೀನಿನ ಹುಚ್ಚು ಜಾಸ್ತಿ. ಕೇಳಿದವರೆಲ್ಲ ಹೇಳಿದ್ದು ಇಷ್ಟೇ. ಶ್ರದ್ಧಾಂಜಲಿ ಬ್ಯಾನರಿಗೆ ಇದು ಸಾಕು. ತಾತನ ಜೊತೆ ಹೊಳೆಗೆ ಹೋಗದ ಮೊಮ್ಮಕ್ಕಳಿಗೆ ಸಾಲದು. ಮನೆಯಲ್ಲಿ ಇಂಥ ಕೆಲಸಕ್ಕೆ ಕೂರುವವರಿಗೆ ಉಪಯೋಗವಾಗಲಿ ಅಂತ ನಾನು ಮಾಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಜನರನ್ನು ಕೇಳಲಿಲ್ಲ. ಟ್ರಂಕ್ ತೆಗೆದೆ. ಡಿಸ್ಚಾರ್ಜ್ ಬುಕ್, ಪದಕಗಳು, ಒಂದು ಕಟ್ಟು ಇನ್‌ಲ್ಯಾಂಡ್ ಲೆಟರ್ ಸಿಕ್ಕವು. ಡಿಸ್ಚಾರ್ಜ್ ಬುಕ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಭರ್ತಿಯಾದ ದಿನ, ಟ್ರೇಡ್, ಇದ್ದ ಯೂನಿಟ್‌ಗಳು, ನಿವೃತ್ತಿ ಎಲ್ಲವೂ ಅದರಲ್ಲಿರುತ್ತದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ ಅಪ್ಪ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ, ಅಂದರೆ ಸೇನೆಯ ಎಂಜಿನಿಯರ್ ದಳಕ್ಕೆ ಸೇರಿದ್ದರು. ಟ್ರೇಡ್, ಅಂದರೆ ಸೇನೆಯಲ್ಲಿನ ಕಸುಬು, ಕಾರ್ಪೆಂಟರ್. ನಮ್ಮ ಮನೆಯ ಬಾಗಿಲು, ಮಂಚ, ತೊಟ್ಟಿಲು ಎಲ್ಲವನ್ನೂ ಅವರೇ ಯಾಕೆ ಮಾಡಿದರು ಅನ್ನುವುದು ಆಗ ತಿಳಿಯಿತು. ಅದು ರೈತನ ಮನೆಯ ಕಸುಬಲ್ಲ, ಸೇನೆ ಕಲಿಸಿದ ಕಸುಬು.

ಪದಕಗಳನ್ನು ಸುಮ್ನೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ, ಓದಿ. ಅಂಚಿನಲ್ಲಿ ನಂಬರ್, ರ‍್ಯಾಂಕ್, ಹೆಸರು ಕೆತ್ತಿರುತ್ತಾರೆ. ಒಂದು ಪದಕದಲ್ಲಿ ಅಪ್ಪ ಸ್ಯಾಪರ್ (ಎಂಜಿನಿಯರ್ ದಳದ ಸಾಮಾನ್ಯ ಸೈನಿಕ), ಇನ್ನೊಂದರಲ್ಲಿ ಅದಕ್ಕಿಂತ ಮೇಲಿನ ನಾಯಕ್. ಊರಿನವರೆಲ್ಲ ಅವರು ಬಾಂಗ್ಲಾ ಯುದ್ಧಕ್ಕೆ ಹೋಗಿದ್ದರು ಅಂತಲೇ ಹೇಳುತ್ತಿದ್ದರು. ಟ್ರಂಕಿನಲ್ಲಿದ್ದದ್ದು ಪಶ್ಚಿಮೀ ಸ್ಟಾರ್. 1971ರಲ್ಲಿ ಪೂರ್ವದ ಕಡೆ ಸೇವೆ ಮಾಡಿದವರಿಗೆ ಪೂರ್ವಿ ಸ್ಟಾರ್ ಕೊಟ್ಟರು, ಪಶ್ಚಿಮದ ಕಡೆಯವರಿಗೆ ಪಶ್ಚಿಮೀ ಸ್ಟಾರ್. ಅಂದರೆ ಅಪ್ಪ ಇದ್ದದ್ದು ಪಾಕಿಸ್ತಾನದ ಕಡೆಯ ನಮ್ಮ ಪಶ್ಚಿಮ ಗಡಿಯಲ್ಲಿ. ಡಿಸ್ಚಾರ್ಜ್ ಬುಕ್‌ನಲ್ಲಿ ಯೂನಿಟ್ ಹೆಸರೂ ಇತ್ತು: 9 ಎಂಜಿನಿಯರ್ ರೆಜಿಮೆಂಟ್. ಡಿಸೆಂಬರ್ 15ರ ರಾತ್ರಿ ಪಾಕಿಸ್ತಾನದ ಶಕರ್‌ಗಢದ ಬಸಂತರ್ ನದಿ ಹತ್ತಿರ ನೆಲದಲ್ಲಿ ಹುಗಿದಿಟ್ಟ ಮೈನ್ (ಸಿಡಿಮದ್ದು) ತೆಗೆದವರು ಈ ರೆಜಿಮೆಂಟಿನವರು. ಬಸಂತರ್ ಅಂದರೆ ಟ್ಯಾಂಕು ಮತ್ತು ಪರಮವೀರ ಚಕ್ರ ಪಡೆದ ಅರುಣ್ ಖೇತರ್‌ಪಾಲ್ ನೆನಪಾಗುತ್ತಾರೆ. ನೆನಪಾಗಲೇಬೇಕು. ಆದರೆ ಆ ಟ್ಯಾಂಕುಗಳಿಗೆ ದಾರಿ ಬಿಡಿಸಲು ಕತ್ತಲಲ್ಲಿ ನೆಲ ತಡಕುತ್ತಿದ್ದವರು ಸ್ಯಾಪರ್‌ಗಳು. ದಾರಿ ಪೂರ್ತಿ ತೆರವಾಗುವ ಮೊದಲೇ ಟ್ಯಾಂಕುಗಳು ಮುಂದೆ ನುಗ್ಗಿದವು. ಅಷ್ಟು ಅವಸರದ ರಾತ್ರಿ ಅದು.

ಆ ರಾತ್ರಿ ಅಪ್ಪ ಎಲ್ಲಿ ನಿಂತಿದ್ದರು, ಏನು ಮಾಡಿದರು ಅಂತ ನಾನು ಬರೆಯಲಿಲ್ಲ. ಅವರು ಅದನ್ನು ಯಾರಿಗೂ ಹೇಳಿದವರಲ್ಲ. ರೆಜಿಮೆಂಟ್ ಮಾಡಿದ್ದನ್ನು ರೆಜಿಮೆಂಟ್ ಹೆಸರಲ್ಲೇ ಬರೆದೆ. ತೀರಿಹೋದವರ ಬಾಯಿಗೆ ಮಾತು ತುರುಕಬಾರದು. ಈ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗಲಿಲ್ಲ, ಅಣ್ಣಂದಿರು ಎಷ್ಟು ಹೇಳಿದರೂ.

ಮೀನಿನ ಭಾಗ ಕಾಗದಪತ್ರದಲ್ಲಿ ಇರಲಿಲ್ಲ. ಅದಕ್ಕೆ ಅಪ್ಪನ ಜೊತೆ ಗಾಳ ಹಾಕುತ್ತಿದ್ದ ಗೆಳೆಯರನ್ನು ಹುಡುಕಿಕೊಂಡು ಹೋದೆ. ನಮ್ಮದು ಟಿ. ನರಸೀಪುರದ ಕಡೆ. ಕಪಿಲೆ ಬಂದು ಕಾವೇರಿ ಸೇರುವ ಜಾಗ. "ಅಪ್ಪ ಹೇಗಿದ್ದರು?" ಅಂತ ಕೇಳಿದರೆ "ದೇವರಂಥ ಮನುಷ್ಯ" ಅನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. "ಬಿಳಿಮೀನಿಗೆ ಏನು ಹಾಕುತ್ತಿದ್ದರು?" ಅಂತ ಕೇಳಿದೆ. ಮಾತು ನಿಲ್ಲಲೇ ಇಲ್ಲ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ನೀರಿನಲ್ಲಿ ಬೇಯಿಸಬೇಕು. ಹೊಳೆಯ ಸೆಳವಿಗೆ ಕರಗಬಾರದು, ಮೀನಿನ ಬಾಯಲ್ಲಿ ಒಡೆಯಬೇಕು. ಬಾಳೆಮೀನಿಗೆ ರಾಗಿ ನಡೆಯದು, ಅದಕ್ಕೆ ಸಣ್ಣ ಮೀನನ್ನೇ ಕಟ್ಟಬೇಕು. ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡಿಗೆ ನವಿಲುಗರಿಯ ಕಡ್ಡಿ. ಮಳೆಗಾಲ ಶುರುವಾಗಿ ಹೊಳೆಗೆ ಹೊಸ ನೀರು ಬಂದರೆ ಅಪ್ಪ ಗಾಳ ಎತ್ತಿಡುತ್ತಿದ್ದರಂತೆ. ಮೊಟ್ಟೆ ಇಡಲು ಮೇಲೆ ಹತ್ತುವ ಮೀನನ್ನು ಹಿಡಿಯುವುದು ಅವರಿಗೆ ಇಷ್ಟವಿರಲಿಲ್ಲ.

ಮೈನ್ ತೆಗೆದ ಕೈಗೆ ಗಾಳ ಹಿಡಿಯುವ ತಾಳ್ಮೆ ಬಂತು ಅಂತ ನೆಂಟರು ಹೇಳುತ್ತಿದ್ದರು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದು ನಿಜವಲ್ಲ. ಅಪ್ಪ ಸ್ಕೂಲು ತಪ್ಪಿಸಿ ಮೀನು ಹಿಡಿಯುತ್ತಿದ್ದದ್ದನ್ನು ನೋಡಿದವರು ಇನ್ನೂ ಇದ್ದಾರೆ. ತಾಳ್ಮೆ ಮೊದಲೇ ಇತ್ತು. ಅದನ್ನೇ ತೆಗೆದುಕೊಂಡು ಸೇನೆಗೆ ಹೋದರು.

ಸೇನೆಯಿಂದ ಹೊಳೆಗೆ ಬಂದದ್ದು ಬೇರೆಯೇ ಒಂದು ಸಂಗತಿ. ನಮ್ಮ ಕಡೆ ಕೆಲವರು ತೋಟೆ ಹಾಕಿ ಮೀನು ಹೊಡೆಯುತ್ತಾರೆ. ಕಲ್ಲು ಕ್ವಾರಿಯ ಮದ್ದನ್ನು ಮಡುವಿಗೆ ಎಸೆದರೆ ಮುಗಿಯಿತು. ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದ ಮೀನು ಕೈಗೆ ಸಿಗುತ್ತದೆ, ಮುಳುಗಿದ್ದು ಅಲ್ಲೇ ಕೊಳೆಯುತ್ತದೆ, ಮರಿಗಳು ಒಂದೂ ಉಳಿಯುವುದಿಲ್ಲ. ಮದ್ದು ಏನು ಮಾಡುತ್ತದೆ ಅಂತ ಅಪ್ಪನಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ತೋಟೆಯ ಸದ್ದು ಕೇಳಿದರೆ ಊಟದ ಮುಂದಿನಿಂದ ಎದ್ದು ಹೋಗುತ್ತಿದ್ದರು. ಜಗಳಕ್ಕೆ ಹೋಗಬೇಡಿ ಅಂತ ಅಮ್ಮ ಬಾಗಿಲಿಗೆ ಅಡ್ಡ ನಿಂತದ್ದೂ ಇದೆ. ಒಬ್ಬ ಹುಡುಗ ಹೀಗೇ ಕೈ ಕಳೆದುಕೊಂಡಾಗ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವರೂ ಅಪ್ಪನೇ. ಬಯ್ದವರು, ಹೊತ್ತವರು ಇಬ್ಬರೂ ಒಬ್ಬರೇ. ಪುಸ್ತಕದಲ್ಲಿ ಅತಿ ಉದ್ದದ ಅಧ್ಯಾಯ ಇದೇ ಆಯಿತು. ಅಪ್ಪನನ್ನು ಇದಕ್ಕಿಂತ ಸರಿಯಾಗಿ ತೋರಿಸುವ ಘಟನೆ ನನಗೆ ಬೇರೆ ಸಿಗಲಿಲ್ಲ.

ಕಾಗದಗಳ ವಿಷಯಕ್ಕೆ ಬರುತ್ತೇನೆ. ಎಲ್ಲದರ ಮೇಲೂ 56 ಎಪಿಒ ಅಂತ ಸೇನೆಯ ಅಂಚೆ ಕಚೇರಿಯ ನಂಬರ್ ಇತ್ತು, ಊರಿನ ಹೆಸರಿಲ್ಲ. ಗಡಿಯ ಸುದ್ದಿ ಬರೆಯುವಂತಿರಲಿಲ್ಲ. ಹಾಗಾಗಿ ಅಪ್ಪ ತುಂಬಾ ಬರೆದದ್ದು ಮನೆಯ ಬಗ್ಗೆ. ಹಸು ಕರು ಹಾಕಿತಾ, ಹೊಳೆ ಎಷ್ಟು ಏರಿದೆ, ಮಗುವಿಗೆ ಹಲ್ಲು ಬಂತಾ, ಮನಿಆರ್ಡರ್ ಮುಟ್ಟಿತಾ. ಮಡಿಕೆ ಸವೆದಿದ್ದರಿಂದ ಪೂರ್ತಿ ಬಿಡಿಸಲು ಹೋಗದೆ, ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಒಂದೊಂದೇ ಭಾಗದ ಫೋಟೋ ತೆಗೆದೆ. ಆಮೇಲೆ ತಾರೀಕಿನ ಕ್ರಮದಲ್ಲಿ ಜೋಡಿಸಿದೆ. 1971ರ ಡಿಸೆಂಬರ್ ತಿಂಗಳ ಕಾಗದ ಒಂದೂ ಇಲ್ಲ. ಜನವರಿಯ ಕಾಗದದಲ್ಲಿ "ಸೌಖ್ಯ" ಅಂತ ಬರೆದು, ಮುಂದಿನ ಸಾಲಿನಲ್ಲೇ ಬಚ್ಚಲಿನ ಹಂಚು ಸರಿ ಮಾಡಿಸಿದಿರಾ ಅಂತ ಕೇಳಿದ್ದಾರೆ.

ಅಮ್ಮ ಬರೆದ ಉತ್ತರಗಳು ಉಳಿದಿಲ್ಲ. ಯೂನಿಟ್ ಜೊತೆ ಊರೂರು ತಿರುಗುವವರು ಎಷ್ಟು ಅಂತ ಹೊತ್ತುಕೊಂಡು ಹೋದಾರು! ಆದ್ದರಿಂದ ಅಪ್ಪನ ಒಂದೊಂದು ಕಾಗದವನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿ, "ಇದಕ್ಕೆ ನೀವು ಏನು ಬರೆದಿರಿ?" ಅಂತ ಕೇಳಿದೆ. ಕೆಲವಕ್ಕೆ ನೆನಪಿಲ್ಲ ಅಂದರು. ಬಚ್ಚಲಿನ ಹಂಚಿನ ಕಾಗದಕ್ಕೆ ತಕ್ಷಣ ಉತ್ತರ ಬಂತು: "ಹಂಚು ನೀವೇ ಬಂದು ಹಾಕಿ, ಅಲ್ಲಿವರೆಗೂ ಸೋರಲಿ ಅಂತ ಬರೆದೆ." ಅದನ್ನು ಹಾಗೇ, ಅಪ್ಪನ ಕಾಗದದ ಕೆಳಗೆ ಅಚ್ಚು ಹಾಕಿಸಿದೆ.